ರಾಮನ್ ಲ್ಯಾಬಿನ ಹುಡುಗ ಹುಡುಗಿಯರು ಮುಂದೆ ಏನಾದರು: ವಿಜ್ಞಾನ ಅಕಾಡೆಮಿಯ ಉಚಿತ ಹಳೆ ಸಂಚಿಕೆಗಳನ್ನು ಎರಡು ತಿಂಗಳು ಬಳಸಿ ನೋಡಿದ ಅನುಭವ

ನಾನು ಪಿಎಚ್.ಡಿ ಮಾಡಿದ ಫಿಸಿಕ್ಸ್ ಲ್ಯಾಬಿಗೆ ಈ ವರ್ಷ 25 ತುಂಬಿತು. ಬೆಳ್ಳಿಹಬ್ಬ ಮಾಡೋಣ ಅಂತ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮಾತು ಶುರುವಾಯಿತು. ಊಟದ ಜವಾಬ್ದಾರಿ ಒಬ್ಬರು ತಗೊಂಡರು, ಶಾಮಿಯಾನ ಇನ್ನೊಬ್ಬರು. ನನ್ನ ಪಾಲಿಗೆ ಬಂದದ್ದು ಗೋಡೆ. ವಿಭಾಗದ ಉದ್ದನೆಯ ಕಾರಿಡಾರಿನ ಗೋಡೆ ತುಂಬ ಪ್ಯಾನೆಲ್ ಹಾಕಿ, ಈ 25 ವರ್ಷದಲ್ಲಿ ಲ್ಯಾಬಿನಿಂದ ಹೊರಗೆ ಹೋದವರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ತೋರಿಸಬೇಕಿತ್ತು. ಈಗಿನ ಎಂ.ಎಸ್ಸಿ ಮಕ್ಕಳ ಅಪ್ಪ ಅಮ್ಮಂದಿರನ್ನೂ ಅವತ್ತು ಕರೆದಿದ್ದರು. ನಾನೀಗ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಹಾಗಾಗಿ ಅಪ್ಪ ಅಮ್ಮಂದಿರು ಏನು ಕೇಳುತ್ತಾರೆ ಅಂತ ಗೊತ್ತು. "ಫಿಸಿಕ್ಸ್ ಓದಿದರೆ ಮುಂದೆ ಏನಾಗ್ತಾರೆ ಮೇಡಂ?"

ಈ ಕೆಲಸಕ್ಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ಉಚಿತ ಸೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಸಂಶೋಧನಾ ಜರ್ನಲ್ಲುಗಳ ಹಳೆ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಇಟ್ಟಿದೆ. ಎರಡು ತಿಂಗಳು ರಾತ್ರಿ ಊಟ ಆದ ಮೇಲೆ ಕೂತು ಇದನ್ನೇ ನೋಡಿದ್ದೇನೆ. ಇದರ ಬಗ್ಗೆ ಕನ್ನಡದಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದು ನನಗೆ ಕಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಂಬರ್ ಬೇಕು ಅನ್ನುವವರಿಗೆ: 5ಕ್ಕೆ 5.

ಮೊದಲು ನಮ್ಮ ಗೋಡೆಯ ಕಥೆ ಹೇಳಬೇಕು, ಇಲ್ಲದಿದ್ದರೆ 80 ವರ್ಷದ ಹಿಂದಿನ ಜರ್ನಲ್ ನನಗ್ಯಾಕೆ ಬೇಕಾಯಿತು ಅಂತ ಅರ್ಥವಾಗುವುದಿಲ್ಲ. ನಮ್ಮ ಲ್ಯಾಬಿನಲ್ಲಿ ಪಿಎಚ್.ಡಿ ಮುಗಿಸಿದವರು ಹದಿನೇಳು ಜನ. ಪಟ್ಟಿ ಮಾಡುತ್ತಾ ಹೋದೆ. ನಾಲ್ಕು ಜನ ಕಾಲೇಜು ಮೇಷ್ಟ್ರು, ನನ್ನನ್ನೂ ಸೇರಿಸಿ. ಇಬ್ಬರು ಹೊರದೇಶದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ ಆದ ಮೇಲಿನ ಸಂಶೋಧನೆ. ಒಬ್ಬಳು ಔಷಧಿ ಕಂಪನಿಯ ಗುಣಮಟ್ಟ ವಿಭಾಗದಲ್ಲಿ, ಅಲ್ಲೂ ರಾಮನ್ ಸ್ಪೆಕ್ಟ್ರೋಮೀಟರ್ (ವಸ್ತುವಿನಿಂದ ಚದುರಿದ ಬೆಳಕು ನೋಡಿ ಅದು ಏನು ಅಂತ ಗುರುತಿಸುವ ಉಪಕರಣ) ಹಿಡಿದುಕೊಂಡೇ ಇದ್ದಾಳೆ. ಒಬ್ಬ ಚಿಪ್ ಪರೀಕ್ಷೆ ಮಾಡುವ ಕಂಪನಿ ಸೇರಿದ. ಒಬ್ಬರು ಬ್ಯಾಂಕಿನಲ್ಲಿ ಅಧಿಕಾರಿ. ಒಬ್ಬ ಊರಿಗೆ ಹೋಗಿ ಅಡಿಕೆ ತೋಟ ನೋಡಿಕೊಂಡು, ಸಂಜೆ ಪಿಯುಸಿ ಮಕ್ಕಳಿಗೆ ಪಾಠ ಹೇಳುತ್ತಾನೆ. ನನಗಿಂತ ಆರು ವರ್ಷ ಜೂನಿಯರ್ ಒಬ್ಬ ಪಾವಗಡದ ಸೋಲಾರ್ ಪಾರ್ಕಿನಲ್ಲಿ ಇದ್ದಾನೆ. ಬಿಸಿಲು ಎಷ್ಟು ಬೀಳುತ್ತಿದೆ ಅಂತ ಅಳೆಯುವ ಉಪಕರಣಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಪ್ಯಾನೆಲ್ಲಿಗೆ ಫೋಟೋ ಕಳಿಸು ಅಂದರೆ, "ಬೇಡ ಅಕ್ಕಾ, ನಾನು ಫಿಸಿಕ್ಸ್ ಬಿಟ್ಟವನು, ನನ್ನನ್ನು ಯಾಕೆ ಹಾಕ್ತೀರಿ" ಅಂದ. ಆ ಮಾತು ನನಗೆ ತುಂಬಾ ಚುಚ್ಚಿತು. ನಾಲ್ಕು ಮೇಷ್ಟ್ರು, ಇಬ್ಬರು ಪೋಸ್ಟ್‌ಡಾಕ್ ಮಾತ್ರ ಲೆಕ್ಕಕ್ಕೆ ಬಂದು ಮಿಕ್ಕವರೆಲ್ಲ 'ಬಿಟ್ಟವರು' ಆದರೆ ಈ ಬೆಳ್ಳಿಹಬ್ಬ ಯಾರದ್ದು?

ಆಗ ನಮ್ಮ ಗೈಡ್ ಸರ್ ಒಂದು ಮಾತು ಹೇಳಿದರು. ಅವರು ಕಲಿತದ್ದು ಟಾಟಾ ಇನ್‌ಸ್ಟಿಟ್ಯೂಟಿನ ಫಿಸಿಕ್ಸ್ ವಿಭಾಗದಲ್ಲಿ. ಹೊಸಬರಿಗೆ ಐಐಎಸ್ಸಿ ಅಂದರೆ ಗೊತ್ತಾಗುತ್ತದೆ, ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ. "ನಮ್ಮದು 25 ವರ್ಷ ಅಷ್ಟೇ ಕಣಮ್ಮ. ನಮ್ಮ ಅಜ್ಜನ ಮನೆ ಅಲ್ಲಿದ್ದ ಸಿ.ವಿ. ರಾಮನ್ ಲ್ಯಾಬು. ಅಲ್ಲಿಂದ ಹೊರಟವರು ಎಲ್ಲೆಲ್ಲಿಗೆ ಹೋದರು ಅಂತ ಒಂದು ಸಾರಿ ನೋಡು, ಆಮೇಲೆ ಈ ಹುಡುಗನ ಹತ್ತಿರ ಮಾತಾಡು" ಅಂದರು. ಅವತ್ತೇ ರಾತ್ರಿ ಹುಡುಕಲು ಕೂತೆ.

ಮೊದಲು ಹೋದದ್ದು ಹೊರದೇಶದ ಒಂದು ದೊಡ್ಡ ಪ್ರಕಾಶನದ ತಾಣಕ್ಕೆ. 1940ರ ದಶಕದ ನಾಲ್ಕು ಪುಟದ ಲೇಖನ ತೆಗೆಯಲು ಹೋದರೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳಿತು. ಬರೆದವರು ತೀರಿಕೊಂಡು ಎಷ್ಟೋ ವರ್ಷ ಆಗಿದೆ, ಆ ಸಂಶೋಧನೆಗೆ ದುಡ್ಡು ಹಾಕಿದ್ದೂ ಅವರಲ್ಲ. ಬೇಜಾರಾಗಿ ಮುಚ್ಚಿದೆ. ಆಮೇಲೆ ಅಕಾಡೆಮಿಯ ತಾಣಕ್ಕೆ ಬಂದೆ. ಅಲ್ಲಿ ಲಾಗಿನ್ ಇಲ್ಲ, ದುಡ್ಡಿಲ್ಲ, ಯಾವ ಕಾಲೇಜು ಅಂತ ಕೇಳುವುದಿಲ್ಲ. ಜರ್ನಲ್ ಆರಿಸಿ, ಸಂಪುಟ ಆರಿಸಿ, ಲೇಖನದ ಪಿಡಿಎಫ್ ಇಳಿಸಿಕೊಳ್ಳಿ. ಅಷ್ಟೇ. ಹಳ್ಳಿಯ ಕಾಲೇಜಿನ ಹುಡುಗಿ ಮೊಬೈಲಿನಲ್ಲಿ ಕೂತು 1935ರ ರಾಮನ್ ಲೇಖನ ಓದಬಹುದು. ನಮ್ಮ ಕಾಲೇಜಿನ ಲೈಬ್ರರಿಗೆ ಒಂದು ವರ್ಷಕ್ಕೆ ಸಿಗುವ ದುಡ್ಡು ಎಷ್ಟು ಅಂತ ಗೊತ್ತಿರುವ ನನಗೆ ಇದರ ಬೆಲೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಲ್ಪ ಹಿನ್ನೆಲೆ. ರಾಮನ್ ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ, ಕಲ್ಕತ್ತದಲ್ಲಿ ಇದ್ದಾಗ. ಬೆಂಗಳೂರಿಗೆ ಬಂದದ್ದು 1933ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ಭಾರತೀಯ ನಿರ್ದೇಶಕರಾಗಿ. ಅಲ್ಲಿನ ಫಿಸಿಕ್ಸ್ ವಿಭಾಗ ಶುರುವಾದದ್ದೂ ಅದೇ ವರ್ಷ. 1937ರಲ್ಲಿ ನಿರ್ದೇಶಕರ ಸ್ಥಾನ ಬಿಟ್ಟರು, ಆದರೆ ಪ್ರೊಫೆಸರ್ ಆಗಿ 1948ರವರೆಗೂ ಇದ್ದರು. 1934ರಲ್ಲಿ ಅವರೇ ಮುಂದೆ ನಿಂತು ಈ ಅಕಾಡೆಮಿ ಕಟ್ಟಿದರು, ಆ ವರ್ಷವೇ ಅದರ 'ಪ್ರೊಸೀಡಿಂಗ್ಸ್' ಅನ್ನುವ ಜರ್ನಲ್ ಬರತೊಡಗಿತು. ಅಂದರೆ ಆ ಹದಿನೈದು ವರ್ಷ ಲ್ಯಾಬಿನ ಹುಡುಗರು ಮಾಡಿದ್ದು ಬಹುಪಾಲು ಇದೇ ಜರ್ನಲ್ಲಿನಲ್ಲಿ ಅಚ್ಚಾಗಿದೆ. ಒಂದು ಲ್ಯಾಬಿನ ದಿನಚರಿ ಓದಿದ ಹಾಗೆ ಓದಿಕೊಂಡು ಹೋಗಬಹುದು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಒಂದು ಸಂಗತಿ. ದೊಡ್ಡವರ ಜೀವನಚರಿತ್ರೆ ಓದಿದರೆ ಅವರು ಹುಟ್ಟಿದಾಗಿನಿಂದ ದೊಡ್ಡವರೇ ಆಗಿರುತ್ತಾರೆ. ಕೊನೆ ಗೊತ್ತಿಟ್ಟುಕೊಂಡೇ ಬರೆದಿರುತ್ತಾರೆ ಅಲ್ವಾ. ಈ ಹಳೆ ಸಂಚಿಕೆಗಳಲ್ಲಿ ಆ ಜನ ಇನ್ನೂ ಏನೂ ಆಗಿಲ್ಲ. ಇಪ್ಪತ್ತೆರಡು, ಇಪ್ಪತ್ತೈದು ವರ್ಷದ ಸಂಶೋಧನಾ ವಿದ್ಯಾರ್ಥಿಗಳು. ಮುಂದೆ ಕೆಲಸ ಸಿಗುತ್ತೋ ಇಲ್ಲವೋ ಅವರಿಗೂ ಗೊತ್ತಿಲ್ಲ.

1944ರ 19ನೇ ಸಂಪುಟ ತೆಗೆದು ನೋಡಿ. ಅದರಲ್ಲಿ ವಜ್ರದ ಬಗ್ಗೆಯೇ ಸಾಲು ಸಾಲು ಲೇಖನಗಳಿವೆ. ಮೊದಲಿಗೆ ರಾಮನ್ ಅವರದು, ಆಮೇಲೆ ಅವರ ಹುಡುಗರದು. ಆರ್.ಎಸ್. ಕೃಷ್ಣನ್, ಅನ್ನಾ ಮಣಿ, ಸುನಂದಾ ಬಾಯಿ, ಜಿ.ಎನ್. ರಾಮಚಂದ್ರನ್, ಎಲ್ಲರೂ ಒಂದೇ ಕಡೆ. ಲ್ಯಾಬಿನ ಗ್ರೂಪ್ ಫೋಟೋ ನೋಡಿದ ಹಾಗೆ ಆಯಿತು ನನಗೆ.

ಅನ್ನಾ ಮಣಿಯವರ ಲೇಖನವನ್ನು ಹತ್ತಿರದಿಂದ ತೋರಿಸುತ್ತೇನೆ. ಹೆಸರಿನ ಕೆಳಗೆ ಫಿಸಿಕ್ಸ್ ವಿಭಾಗ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್, ಬೆಂಗಳೂರು ಅಂತ ಇದೆ. ಅದರ ಕೆಳಗೆ ಕಂಸದಲ್ಲಿ, ಸರ್ ಸಿ.ವಿ. ರಾಮನ್ ಅವರ ಮೂಲಕ ಬಂದದ್ದು ಅಂತ ಒಂದು ಸಾಲು. ಆಮೇಲೆ ವಿಷಯ. ವಜ್ರದ ಮೇಲೆ ಬೆಳಕು ಬಿಟ್ಟರೆ ಕೆಲವು ನೀಲಿಯಾಗಿ ಹೊಳೆಯುತ್ತವೆ, ಕೆಲವು ಹಸಿರಾಗಿ, ಕೆಲವು ಹೊಳೆಯುವುದೇ ಇಲ್ಲ. ಯಾಕೆ? ಆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ, ನೀಲಿಯಾಗಿ ಹೊಳೆಯುವ ವಜ್ರಗಳಲ್ಲಿ 4152 ಆಂಗ್‌ಸ್ಟ್ರಾಮ್ (ಬೆಳಕಿನ ತರಂಗದ ಉದ್ದದ ಅಳತೆ) ಹತ್ತಿರ ಒಂದು ಗೆರೆ, ಹಸಿರಿನದರಲ್ಲಿ 5032ರ ಹತ್ತಿರ ಇನ್ನೊಂದು. ಈ ಎರಡು ಗೆರೆಗಳು ಇವತ್ತಿಗೂ ವಜ್ರ ಪರೀಕ್ಷೆ ಮಾಡುವವರಿಗೆ ದಿನನಿತ್ಯದ ಗುರುತುಗಳು. ವಜ್ರದಲ್ಲಿ ಕಾರ್ಬನ್ ಇರಬೇಕಾದ ಜಾಗಕ್ಕೆ ನೈಟ್ರೋಜನ್ ಪರಮಾಣುಗಳು ಬಂದು ಕೂತು, ಪಕ್ಕದಲ್ಲಿ ಒಂದು ಜಾಗ ಖಾಲಿ ಉಳಿದರೆ ಈ ಗೆರೆಗಳು ಬರುತ್ತವೆ ಅಂತ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

ಆ ಒಂದೊಂದು ಫೋಟೋ ತೆಗೆಯಲು ಎಷ್ಟು ಹೊತ್ತು ಬೇಕಿತ್ತು ಗೊತ್ತಾ? 15ರಿಂದ 20 ಗಂಟೆ. ಬೆಳಕು ಅಷ್ಟು ಮಂಕು. ದೀಪ ಹಚ್ಚಿ, ವಜ್ರ ಇಟ್ಟು, ಫೋಟೋ ಪ್ಲೇಟ್ ತೆರೆದು ಕಾಯಬೇಕು. ಅನ್ನಾ ಮಣಿ ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಮಲಗುತ್ತಿದ್ದರಂತೆ. ನಾನು ಪಿಎಚ್.ಡಿಯಲ್ಲಿ ಮಾಡಿದ್ದೂ ರಾಮನ್ ಸ್ಪೆಕ್ಟ್ರಮ್ಮೇ. ನಮ್ಮ ಹತ್ತಿರ ಲೇಸರ್ ಇತ್ತು. ಬೆಳಗ್ಗೆ ಬಂದು ಸಿಲಿಕಾನ್ ತುಂಡು ಇಟ್ಟು, 520ರಲ್ಲಿ (ಇದು ಆಂಗ್‌ಸ್ಟ್ರಾಮ್ ಅಲ್ಲ, ರಾಮನ್ ಗೆರೆಗಳಿಗೆ ಬಳಸುವ ಬೇರೆ ಅಳತೆ) ಗೆರೆ ಬಂತಾ ನೋಡಿಕೊಂಡರೆ ಉಪಕರಣ ಸರಿ ಇದೆ ಅಂತ ಅರ್ಥ. ವಜ್ರ ಇಟ್ಟರೆ 1332ರಲ್ಲಿ ಚೂಪಾದ ಒಂದು ಗೆರೆ, ಕೆಲವೇ ಸೆಕೆಂಡಿನಲ್ಲಿ. ಇಪ್ಪತ್ತು ಗಂಟೆ ಕಾದು ಪ್ಲೇಟ್ ತೊಳೆಯುವಾಗ ಅದರಲ್ಲಿ ಏನೂ ಮೂಡದೆ ಇದ್ದರೆ ಹೇಗಾಗುತ್ತಿತ್ತೋ. ಸ್ಕ್ಯಾನ್ ಆದ ಪುಟದಲ್ಲಿ ಆ ಕಪ್ಪು ಪಟ್ಟಿಗಳನ್ನು ನೋಡುತ್ತಾ ನಾನು ಸುಮಾರು ಹೊತ್ತು ಹಾಗೇ ಕೂತಿದ್ದೆ.

ಅವರು ಹುಟ್ಟಿದ್ದು 1918ರಲ್ಲಿ, ತಿರುವಾಂಕೂರಿನ ಪೀರ್ಮೇಡಿನಲ್ಲಿ. 1940ರಲ್ಲಿ ಸ್ಕಾಲರ್‌ಶಿಪ್ ಮೇಲೆ ಬೆಂಗಳೂರಿಗೆ ಬಂದರು. 1942ರಿಂದ 45ರ ಒಳಗೆ ಒಬ್ಬರೇ ಬರೆದ ಐದು ಲೇಖನ. ನಾನು ಐದು ವರ್ಷದಲ್ಲಿ ಮೂರು ಬರೆದೆ, ಮೂರರಲ್ಲೂ ಇನ್ನೊಬ್ಬರ ಹೆಸರಿತ್ತು. ಆಗ ಪಿಎಚ್.ಡಿ ಪದವಿ ಕೊಡಬೇಕಾಗಿದ್ದದ್ದು ಮದ್ರಾಸ್ ವಿಶ್ವವಿದ್ಯಾಲಯ. ಎಂ.ಎಸ್ಸಿ ಇಲ್ಲ, ಬಿ.ಎಸ್ಸಿ ಆನರ್ಸ್ ಮಾತ್ರ ಅಂತ ಪದವಿ ಕೊಡಲಿಲ್ಲ. ಬರೆದ ಪ್ರಬಂಧ ಇವತ್ತಿಗೂ, ರಾಮನ್ ಆಮೇಲೆ ಬೆಂಗಳೂರಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಇದೆ, ಉಳಿದ ಪ್ರಬಂಧಗಳ ಸಾಲಿನಲ್ಲೇ. ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ.

ಆಮೇಲೆ ಅವರು ಎಲ್ಲಿ ಹೋದರು ಅನ್ನುವುದು ನಮ್ಮ ಗೋಡೆಗೆ ಬೇಕಾಗಿದ್ದ ಉತ್ತರ. ಸರ್ಕಾರಿ ಸ್ಕಾಲರ್‌ಶಿಪ್ ಮೇಲೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಕಲಿತದ್ದು ಹವಾಮಾನದ ಉಪಕರಣಗಳ ಕೆಲಸ. 1948ರಲ್ಲಿ ವಾಪಸ್ ಬಂದು ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದರು. ಮಳೆ, ಗಾಳಿ, ಬಿಸಿಲು, ಒತ್ತಡ ಅಳೆಯುವ ಉಪಕರಣಗಳನ್ನು ಹೊರಗಿನಿಂದ ತರಿಸುವ ಬದಲು ಇಲ್ಲೇ ಮಾಡಬೇಕು ಅಂತ ಸುಮಾರು 100 ಉಪಕರಣಗಳಿಗೆ ನಕ್ಷೆ ಸಿದ್ಧಮಾಡಿಸಿದರು. 1957–58ರ ಅಂತಾರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ದೇಶದ ಬೇರೆ ಬೇರೆ ಕಡೆ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತಿ. ಅಷ್ಟಕ್ಕೇ ನಿಲ್ಲಲಿಲ್ಲ. ಬೆಂಗಳೂರಿಗೆ ಬಂದು ಮೂರು ವರ್ಷ ರಾಮನ್ ಸಂಸ್ಥೆಯಲ್ಲಿದ್ದರು. ಭಾರತದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಬಿಸಿಲು ಬೀಳುತ್ತದೆ ಅಂತ ಕೈಪಿಡಿಗಳನ್ನು ತಂದರು. ಆಮೇಲೆ ದೇಶದ ನೂರಾರು ಕಡೆ ಗಾಳಿ ಅಳೆಯುವ ಕೆಲಸ. ಗಾಳಿ, ಬಿಸಿಲು ಅಳೆಯುವ ಉಪಕರಣ ಮಾಡಲು ಬೆಂಗಳೂರಿನಲ್ಲೇ ಸಣ್ಣ ಕಾರ್ಖಾನೆಯನ್ನೂ ನಡೆಸಿದರು. 2001ರಲ್ಲಿ ತೀರಿಕೊಂಡರು. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ದೊಡ್ಡ ರೆಕ್ಕೆಗಳನ್ನು ಹೈವೇಯಿಂದ ನೋಡಿದಾಗಲೆಲ್ಲ ಈಗ ನನಗೆ ವಜ್ರದ ಲ್ಯಾಬಿನಲ್ಲಿ ರಾತ್ರಿ ಕಾಯುತ್ತಿದ್ದ ಆ ಹುಡುಗಿ ನೆನಪಾಗುತ್ತಾಳೆ. ವಜ್ರದಿಂದ ಬರುವ ಮಂಕು ಬೆಳಕನ್ನು ಅಳತೆ ಮಾಡಿದ ಕೈ, ಮುಂದೆ ದೇಶದ ಮೇಲೆ ಬೀಳುವ ಬಿಸಿಲನ್ನು ಅಳತೆ ಮಾಡಿತು. ಅವರು ಫಿಸಿಕ್ಸ್ ಬಿಟ್ಟರು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಅದೇ 19ನೇ ಸಂಪುಟದಲ್ಲಿ ರಾಮಚಂದ್ರನ್ ಅವರ ಲೇಖನವೂ ಇದೆ. ವಜ್ರದ ಎಕ್ಸ್-ರೇ ಚಿತ್ರ ತೆಗೆದು, ಹರಳು ಎಲ್ಲಿ ಸರಿಯಾಗಿ ಜೋಡಣೆಯಾಗಿದೆ, ಎಲ್ಲಿ ಕೆಟ್ಟಿದೆ ಅಂತ ತೋರಿಸಿದ್ದಾರೆ. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. 1942ರಲ್ಲಿ ಅವರು ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಅಲ್ಲಿಂದ ಫಿಸಿಕ್ಸಿಗೆ ಬಂದರು. ಈಗಿನ ಅಪ್ಪ ಅಮ್ಮಂದಿರು ಒಪ್ಪುತ್ತಿದ್ದರಾ? ಮುಂದೆ ಮದ್ರಾಸಿಗೆ ಹೋಗಿ, ನಮ್ಮ ಚರ್ಮದಲ್ಲಿ, ಮೂಳೆಯಲ್ಲಿ ಇರುವ ಕೊಲಾಜೆನ್ ಅನ್ನುವ ಪ್ರೋಟೀನು ಮೂರೆಳೆ ಹುರಿಯ ಹಾಗೆ ಇದೆ ಅಂತ 1954ರಲ್ಲಿ ತೋರಿಸಿದರು. ಮೂರು ಎಳೆ ಸೇರಿಸಿ ಹೊಸೆದ ಹಗ್ಗ ಅಂತ ನಾನು ಪ್ಯಾನೆಲ್ಲಿನಲ್ಲಿ ಬರೆದೆ. 1963ರಲ್ಲಿ ಬಂದ ಅವರ ನಕ್ಷೆಗೆ ರಾಮಚಂದ್ರನ್ ಪ್ಲಾಟ್ ಅಂತಲೇ ಹೆಸರು, ಪ್ರೋಟೀನಿನ ರಚನೆ ಓದುವ ಪ್ರತಿ ವಿದ್ಯಾರ್ಥಿಯೂ ಅದನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ. ಎಂಜಿನಿಯರಿಂಗಿಗೆ ಬಂದ ಹುಡುಗ, ವಜ್ರ ನೋಡಿ, ಕೊನೆಗೆ ಜೀವಶಾಸ್ತ್ರದ ಪುಸ್ತಕಗಳಲ್ಲಿ ಕೂತರು.

ವಿಕ್ರಮ್ ಸಾರಾಭಾಯಿ ಅವರದು ಇನ್ನೊಂದು. ಯುದ್ಧ ಶುರುವಾಯಿತು ಅಂತ ಕೇಂಬ್ರಿಡ್ಜ್ ಬಿಟ್ಟು ಬಂದು ರಾಮನ್ ಹತ್ತಿರ ಸೇರಿಕೊಂಡರು. 1942ರ ಪ್ರೊಸೀಡಿಂಗ್ಸಿನಲ್ಲಿ ಅವರ ಮೊದಲ ಲೇಖನ ಸಿಗುತ್ತದೆ, ಆಕಾಶದಿಂದ ಬರುವ ಕಾಸ್ಮಿಕ್ ಕಿರಣಗಳ ಎರಡು ಬರವಿನ ನಡುವೆ ಎಷ್ಟೆಷ್ಟು ಸಮಯ ಹೋಗುತ್ತದೆ ಅನ್ನುವ ಬಗ್ಗೆ. ಓದಿದರೆ ರಾಕೆಟ್ಟಿನ ಸುಳಿವೇ ಇಲ್ಲ. ಹನಿ ಹನಿ ಎಣಿಸುವ ಶ್ರದ್ಧೆ ಇದೆ. 1947ರಲ್ಲಿ ಅಹಮದಾಬಾದಿನಲ್ಲಿ ಭೌತಶಾಸ್ತ್ರ ಪ್ರಯೋಗಾಲಯ ಕಟ್ಟಿದರು, 1963ರ ನವೆಂಬರ್ 21ಕ್ಕೆ ಕೇರಳದ ತುಂಬಾ ಎಂಬ ಊರಿನಿಂದ ಮೊದಲ ರಾಕೆಟ್ ಹಾರಿತು. ಜವಳಿ ಸಂಶೋಧನೆ, ಮ್ಯಾನೇಜ್‌ಮೆಂಟ್ ಕಾಲೇಜು, ಅದೂ ಅವರ ಕೆಲಸವೇ. ಇಷ್ಟು ಎಲ್ಲರಿಗೂ ಗೊತ್ತು. ಆ ಲೇಖನ ಮಾತ್ರ ನಾನು ನೋಡಿರಲಿಲ್ಲ.

ಅದೇ ಹೊತ್ತಿಗೆ ಹೋಮಿ ಭಾಭಾ ಕೂಡ ಇಲ್ಲೇ ಇದ್ದರು, ಅವರೂ ಯುದ್ಧದಿಂದಾಗಿ ಉಳಿದವರೇ. ವಿದ್ಯಾರ್ಥಿಯಾಗಿ ಅಲ್ಲ, ರೀಡರ್, ಅಂದರೆ ಅಧ್ಯಾಪಕರಾಗಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ, ಅದೇ ವರ್ಷ ಮುಂಬೈಗೆ ಹೋಯಿತು. ಭಾಭಾ ಹತ್ತಿರ 1943ರಲ್ಲಿ ಒಬ್ಬ ಹುಡುಗ ಬಂದ, ಹರೀಶ್ ಚಂದ್ರ. ಇಲ್ಲಿಂದ ಕೇಂಬ್ರಿಡ್ಜಿಗೆ, ನೊಬೆಲ್ ಬಂದ ಭೌತವಿಜ್ಞಾನಿ ಡಿರಾಕ್ ಹತ್ತಿರ ಹೋದರು. ಆಮೇಲೆ ಫಿಸಿಕ್ಸನ್ನೇ ಬಿಟ್ಟು ಗಣಿತಕ್ಕೆ ಹೊರಳಿ, ಕಳೆದ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದರು.

ಇನ್ನು ಜನರಿಗೆ ಹೆಸರು ಅಷ್ಟಾಗಿ ಗೊತ್ತಿಲ್ಲದವರು. ನನಗೆ ಅವರ ಮೇಲೆಯೇ ಪ್ರೀತಿ ಜಾಸ್ತಿ. ಪಿ. ನೀಲಕಂಠನ್ ಅವರು 1940ರಲ್ಲಿ ರಾಮನ್ ಜೊತೆ ಹರಳಿನ ಎಕ್ಸ್-ರೇ ಬಗ್ಗೆ ಬರೆದಿದ್ದಾರೆ. ಮುಂದೆ ಅವರು ಬೆಂಗಳೂರಿನ ಎನ್‌ಎಎಲ್, ಅಂದರೆ ವಿಮಾನ ಸಂಶೋಧನೆಯ ಪ್ರಯೋಗಾಲಯದ ಮೊದಲ ನಿರ್ದೇಶಕರು. ಹರಳಿನಿಂದ ವಿಮಾನಕ್ಕೆ! ಆರ್.ಎಸ್. ಕೃಷ್ಣನ್ ಅವರು ರಾಮನ್ ನಂತರ ವಿಭಾಗವನ್ನು ಎಷ್ಟೋ ವರ್ಷ ನಡೆಸಿದರು. ಎಸ್. ರಾಮಶೇಷನ್ ಅವರು ರಾಮನ್ ಹತ್ತಿರ ಕಲಿತು, ಎನ್‌ಎಎಲ್‌ನಲ್ಲಿ ಕೆಲಸ ಮಾಡಿ, 1981ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೇ ನಿರ್ದೇಶಕರಾಗಿ ಬಂದರು.

ಮೈಸೂರಿನವರಿಗೆ ಒಂದು ಮಾತು. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಫಿಸಿಕ್ಸ್ ವಿಭಾಗಕ್ಕೆ ಮೊದಲ ಮುಖ್ಯಸ್ಥರಾಗಿ ಬಂದ ಎಸ್. ಚಂದ್ರಶೇಖರ್ ರಾಮನ್ ಅವರದೇ ಶಿಷ್ಯರು. ನೊಬೆಲ್ ಬಂದ ಚಂದ್ರಶೇಖರ್ ಬೇರೆ, ಇವರು ಬೇರೆ; ಇಬ್ಬರೂ ರಾಮನ್ ಅವರ ಬಂಧುಗಳೇ. ಲಿಕ್ವಿಡ್ ಕ್ರಿಸ್ಟಲ್ ಅಂದರೆ ಗಡಿಯಾರ, ಕ್ಯಾಲ್ಕುಲೇಟರು, ಟಿವಿ ಪರದೆಗಳಲ್ಲಿ ಇರುವ ವಸ್ತು. ಅದರ ಕೆಲಸವನ್ನು ಮಾನಸಗಂಗೋತ್ರಿಯಲ್ಲಿ ಬೆಳೆಸಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಸ್ಥೆಗೆ ಹೋದರು. ಅಣುಗಳು ಕಡ್ಡಿಯ ಹಾಗಿದ್ದರೆ ಮಾತ್ರ ಲಿಕ್ವಿಡ್ ಕ್ರಿಸ್ಟಲ್ ಆಗುತ್ತದೆ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ, ಬಿಲ್ಲೆಯ ಹಾಗಿರುವ ಅಣುಗಳಿಂದಲೂ ಆಗುತ್ತದೆ ಅಂತ 1977ರಲ್ಲಿ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಜೊತೆ ತೋರಿಸಿದರು. ಆ ಲೇಖನ ಬಂದದ್ದು ಅಕಾಡೆಮಿಯ ಇನ್ನೊಂದು ಜರ್ನಲ್ 'ಪ್ರಮಾಣ'ದಲ್ಲಿ. ಅದೂ ಇಲ್ಲೇ ಉಚಿತವಾಗಿ ಸಿಗುತ್ತದೆ. ಅವರ ತಮ್ಮ ಪಂಚರತ್ನಂ ಅವರದು ಮನಸ್ಸು ಹಿಂಡುವ ಕಥೆ. ರಾಮನ್ ಸಂಸ್ಥೆಯಲ್ಲಿ 22ರ ವಯಸ್ಸಿನಲ್ಲಿ, 1956ರಲ್ಲಿ, ಬೆಳಕಿನ ಬಗ್ಗೆ ಒಂದು ಲೇಖನ ಬರೆದು ಪ್ರೊಸೀಡಿಂಗ್ಸಿಗೆ ಕೊಟ್ಟರು. ಮೈಸೂರಿನಲ್ಲಿ ಸ್ವಲ್ಪ ಕಾಲ ಪಾಠ ಮಾಡಿ ಆಕ್ಸ್‌ಫರ್ಡಿಗೆ ಹೋದರು. 1969ರಲ್ಲಿ, 35ರ ವಯಸ್ಸಿಗೇ ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಮೈಕೆಲ್ ಬೆರ್ರಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಒಂದು ಹೊಸ ವಿಷಯ ಹೇಳಿದಾಗ, ಇದರ ಬೇರು ಪಂಚರತ್ನಂ ಲೇಖನದಲ್ಲೇ ಇದೆ ಅಂತ 1986ರಲ್ಲಿ ಬೆಂಗಳೂರಿನಿಂದ ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಬರೆದು ತೋರಿಸಿದರು. ಈಗ ಜಗತ್ತೆಲ್ಲ ಅದನ್ನು ಪಂಚರತ್ನಂ ಫೇಸ್ (ಫೇಸ್ ಅಂದರೆ ತರಂಗದ ಹಂತ) ಅನ್ನುತ್ತದೆ. ಹಳೆ ಸಂಚಿಕೆಗಳನ್ನು ಯಾಕೆ ಜೋಪಾನ ಮಾಡಬೇಕು ಅಂತ ನಮ್ಮ ಲೈಬ್ರರಿಯಲ್ಲಿ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಸೇವೆ ಬಳಸುವವರಿಗೆ ನನ್ನ ಅನುಭವದಿಂದ ಎರಡು ಮಾತು. ಸುಮ್ನೆ ಹೆಸರು ಹಾಕಿ ಹುಡುಕುವುದಕ್ಕಿಂತ ವರ್ಷ, ಸಂಪುಟ ಹಿಡಿದು ಹೋಗಿ. ಪಕ್ಕದ ಲೇಖನಗಳು ಕಣ್ಣಿಗೆ ಬೀಳುತ್ತವೆ, ಅಲ್ಲೇ ಇರುವುದು ಮಜಾ. ನಾನು ಅನ್ನಾ ಮಣಿಯವರನ್ನು ಹುಡುಕಿಕೊಂಡು ಹೋಗಿ ರಾಮಚಂದ್ರನ್ ಅವರನ್ನು ಕಂಡದ್ದು ಹಾಗೆಯೇ. ವಿದ್ಯಾರ್ಥಿಗಳಿಗೆ ನೇರ ಈ ಲೇಖನಗಳನ್ನು ಕೊಟ್ಟರೆ ಕಷ್ಟವಾಗುತ್ತದೆ, ಇಂಗ್ಲಿಷೂ ಹಳೆಯದು, ವಿಷಯವೂ ಗಟ್ಟಿ. ಅವರಿಗೆ ಮೊದಲು 'ರೆಸೋನೆನ್ಸ್' ತೋರಿಸಿ. ಅದು ಅಕಾಡೆಮಿಯೇ 1996ರಿಂದ ವಿದ್ಯಾರ್ಥಿಗಳಿಗೆ ಅಂತ ತರುತ್ತಿರುವ ಮಾಸಿಕ. ವಿಜ್ಞಾನಿಗಳ ಬದುಕು, ಕೆಲಸದ ಬಗ್ಗೆ ಬಿಡಿಸಿ ಹೇಳುವ ಬರಹಗಳು ಅದರಲ್ಲಿ ಬೇಕಾದಷ್ಟಿವೆ. ಅದನ್ನು ಓದಿಸಿ, ಆಮೇಲೆ ಮೂಲ ಲೇಖನದ ಮೊದಲ ಪುಟ ತೋರಿಸಿದರೆ ಮಕ್ಕಳ ಮುಖ ಅರಳುತ್ತದೆ. ಕನ್ನಡದ ಸಾರಾಂಶ ನಾವೇ ಬರೆದುಕೊಳ್ಳಬೇಕು. ನಾನು ಹನ್ನೆರಡು ಲೇಖನಕ್ಕೆ ಅರ್ಧರ್ಧ ಪುಟ ಬರೆದಿದ್ದೇನೆ, ಬೇಕಾದ ಮೇಷ್ಟ್ರುಗಳಿಗೆ ಕೊಡುತ್ತೇನೆ.

ಪ್ರಿಂಟ್ ವಿಷಯದಲ್ಲಿ ಎಚ್ಚರ. ಊರಿನ ಒಂದು ಫ್ಲೆಕ್ಸ್ ಅಂಗಡಿಗೆ ಕೊಟ್ಟೆ. ಅವರು ಪುಟವನ್ನು ಎಳೆದು ದೊಡ್ಡದು ಮಾಡಿ, ಹಿಂದೆ ಹಳದಿ ಬಣ್ಣ ತುಂಬಿ, ಸ್ಪೆಕ್ಟ್ರಮ್ ಪಟ್ಟಿಗಳೆಲ್ಲ ಮಸಿ ಬಳಿದ ಹಾಗೆ ಮಾಡಿ ಕೊಟ್ಟರು. ಎರಡು ದಿನ ಬಾಕಿ. ಕೊನೆಗೆ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆ ಮೇಲೆ ಎ3 ಅಳತೆಯಲ್ಲಿ ತೆಗೆಸಿದೆ. ಗೆರೆ ಗೆರೆಯೂ ನಿಚ್ಚಳವಾಗಿ ಬಂತು. ಎ3ಗಿಂತ ದೊಡ್ಡದು ಬೇಡ.

ಬೆಳ್ಳಿಹಬ್ಬದ ದಿನ ಕಾರಿಡಾರಿನ ಒಂದು ಕಡೆ ಅಜ್ಜನ ಮನೆಯವರು, ಎದುರು ಗೋಡೆಗೆ ನಮ್ಮ ಹದಿನೇಳು ಜನ. ಚಿಪ್ ಕಂಪನಿಯವನ ಎದುರಿಗೆ ನೀಲಕಂಠನ್. ಮೇಷ್ಟ್ರುಗಳ ಎದುರಿಗೆ ಕೃಷ್ಣನ್. ಅಡಿಕೆ ತೋಟದವನ ಎದುರಿಗೆ ಯಾರನ್ನು ಹಾಕುವುದು ಅಂತ ತೋಚಲಿಲ್ಲ. ಅವನು ಪಾಠ ಹೇಳಿದ ಇಬ್ಬರು ಮಕ್ಕಳು ಈಗ ನಮ್ಮದೇ ವಿಭಾಗದಲ್ಲಿ ಎಂ.ಎಸ್ಸಿ ಓದುತ್ತಿದ್ದಾರೆ, ಅವರ ಫೋಟೋನೇ ಹಾಕಿದೆ. ಪಾವಗಡದವನು ಬರುವುದಿಲ್ಲ ಅಂದಿದ್ದ. ಹೋಳಿಗೆ ಊಟ ಶುರುವಾಗುವ ಹೊತ್ತಿಗೆ ಅಪ್ಪನ ಜೊತೆ ಬಂದ. ಅವರ ಅಪ್ಪ ರೈತರು. ಮಗ ಅಷ್ಟು ವರ್ಷ ಓದಿ ಕೊನೆಗೆ ಬಿಸಿಲಲ್ಲಿ ನಿಲ್ಲುವ ಕೆಲಸ ಹಿಡಿದ ಅಂತ ಅವರ ಮನಸ್ಸಿನಲ್ಲೂ ಇತ್ತು.

ಅವನ ಫೋಟೋದ ಎದುರಿಗೆ ಅನ್ನಾ ಮಣಿ ಇದ್ದರು. ವಜ್ರದ ಲೇಖನದ ಮೊದಲ ಪುಟ, ಅದರ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ಬಿಸಿಲು ಅಳೆಯುವ ಕೇಂದ್ರಗಳ ಸಾಲಿಗೆ ಬಂದಾಗ ಅವನು ಮೇಲಿಂದ ಮತ್ತೆ ಓದಿದ. ಅಪ್ಪನಿಗೆ ಬೆರಳಿಟ್ಟು ತೋರಿಸಿ, "ಅಪ್ಪಾ, ನಾನು ದಿನಾ ಒರೆಸಿ ಇಡ್ತೀನಲ್ಲ ಬಿಸಿಲು ಅಳೆಯೋ ಗಾಜಿನ ಬುರುಡೆ, ಅದೇ ಕೆಲಸ ಇದು" ಅಂದ. ಅವರು ಪುಟದ ಕಡೆ ನೋಡಿ, "ಈ ತಾಯಿ ಎಲ್ಲಿಯವರು?" ಅಂತ ಕೇಳಿದರು. ಆಮೇಲೆ ಇಬ್ಬರೂ ಊಟಕ್ಕೆ ಹೋಗದೆ ಅಲ್ಲೇ ನಿಂತು ಒಂದೊಂದೇ ಪ್ಯಾನೆಲ್ ನೋಡಿದರು. ನಾನೇ ಹೋಗಿ, ಬನ್ನಿ ಯಜಮಾನರೇ, ಹೋಳಿಗೆ ಆರುತ್ತೆ ಅಂತ ಕರೆದುಕೊಂಡು ಹೋದೆ.

ಸಂಜೆ ಪ್ಯಾನೆಲ್ ಬಿಚ್ಚುವಾಗ ಆ ಹಾಳೆ ಕೊಡಿ ಅಕ್ಕಾ ಅಂತ ತಗೊಂಡು ಹೋದ. ಈಗ ಅದು ಪಾವಗಡದಲ್ಲಿ, ಅವರ ಕಂಟ್ರೋಲ್ ರೂಮಿನಲ್ಲಿ, ದಿನದ ಬಿಸಿಲಿನ ಚಾರ್ಟ್ ಪಕ್ಕ ಇದೆ. ಫೋಟೋ ಕಳಿಸಿದ್ದಾನೆ. ನಿನ್ನೆ ರಾತ್ರಿ ಇನ್ನೊಂದು ಮೆಸೇಜ್ ಬಂತು: "ಅಕ್ಕಾ, ಅವರ ಮಾಣಿಕ್ಯದ ಲೇಖನ 1942ರದ್ದು ಸಿಕ್ತು. ಎರಡನೇ ಪುಟದಲ್ಲಿ ಒಂದು ಡೌಟ್ ಇದೆ, ನಾಳೆ ಫೋನ್ ಮಾಡ್ಲಾ?"